ಮುಂದಿನ ತಿಂಗಳು ಹೊರಡುವವರ ಸ್ಥಳ ಮಹಜರು

ಗುರುಪ್ರಸಾದರನ್ನು ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಿಂದ ಊರಿಗೆ ಇದುವರೆಗೆ ನಾಲ್ಕು ಸಲ ಬೀಳ್ಕೊಟ್ಟಾಗಿತ್ತು. ನಾಲ್ಕೂ ಸಲ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ ಎಲ್ಲವೂ ಕ್ರಮಪ್ರಕಾರ ನಡೆದಿದ್ದವು. ಮೂರನೆಯ ಸಲವಂತೂ ಅಲ್ಲಿನ ಕನ್ನಡ ಹಿರಿಯರ ಬಳಗದ ಅಧ್ಯಕ್ಷರಾದ ಜಗನ್ನಾಥರು ಭಾಷಣದ ನಡುವೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಬೀಳ್ಕೊಡುಗೆಯಲ್ಲಿ ಯಾವ ಲೋಪವೂ ಇರಲಿಲ್ಲ. ಗುರುಪ್ರಸಾದರು ಹೋಗಿರಲಿಲ್ಲ, ಅಷ್ಟೆ.

ಹೋಗದೆ ಇದ್ದುದಕ್ಕೆ ಪ್ರತಿ ಸಲವೂ ಗಟ್ಟಿ ಕಾರಣವಿತ್ತು. ಮೊದಲ ಸಲ ಹೆಂಡತಿ ವೇದವತಮ್ಮನವರ ಹಲ್ಲು. ಎರಡನೆಯ ಸಲ ವಿಮಾನದ ಟಿಕೆಟ್ಟು ಇಳಿಯಲಿ ಎಂದು ಕಾದದ್ದು. ಮೂರನೆಯ ಸಲ ಧನುರ್ಮಾಸ. ನಾಲ್ಕನೆಯ ಸಲ ಏನು ಕಾರಣ ಎಂದು ಕೇಳಲು ಬಳಗದಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ದೇವಸ್ಥಾನದಲ್ಲೋ, ಗ್ರೋಸರಿ ಅಂಗಡಿಯಲ್ಲೋ ಎದುರಾದವರು "ಏನ್ ಸಾರ್, ಇನ್ನೂ ಇಲ್ಲೇ ಇದ್ದೀರಾ?" ಎನ್ನುವ ಮೊದಲೇ ಅವರು ಕೈಯೆತ್ತಿ, "ಮುಂದಿನ ತಿಂಗಳು ಹೊರಟೆ" ಎಂದುಬಿಡುತ್ತಿದ್ದರು.

ಇದನ್ನು ಸುಳ್ಳು ಎಂದು ಯಾರೂ ಕರೆಯಬಾರದು. ಗುರುಪ್ರಸಾದರು ನಂಜನಗೂಡು ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸುಳ್ಳಿಗೂ ಅವರಿಗೂ ಆಗಿಬರುವುದಿಲ್ಲ. ಆದರೆ ಅವರು ಇದ್ದದ್ದು ಮಗಳ ಮನೆಯಲ್ಲಿ. ಅವರ ತಂದೆ ಹುಣಸೂರಿನ ಮಗಳ ಮನೆಗೆ ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸ್ಸು ಬಂದುಬಿಡುತ್ತಿದ್ದರು. ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ರಾತ್ರಿ ಮಲಗಿದವರಲ್ಲ. ಅಂಥವರ ಮಗ ಗ್ರೀನ್ ಕಾರ್ಡು ಹಿಡಿದುಕೊಂಡು ಎರಡೂವರೆ ವರ್ಷದಿಂದ ಅಳಿಯನ ಮನೆಯ ಸೋಫಾದ ಮೇಲೆ ಕೂತಿದ್ದಾರೆ ಎಂದರೆ, ಜನ ಏನಂದಾರು? ಅದಕ್ಕೇ ಅವರು ತಮ್ಮ ಮಟ್ಟಿಗೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ತಾನು ಇಲ್ಲಿ ಇರುವವನಲ್ಲ, ಹೊರಟಿರುವವನು. ಹೊರಡುವುದಕ್ಕೆ ಸ್ವಲ್ಪ ತಡವಾಗಿದೆ.

ಈ ಏರ್ಪಾಡಿಗೆ ಸಾಕ್ಷಿಯಾಗಿ ಮಹಡಿ ಮೆಟ್ಟಿಲ ಕೆಳಗೆ ಅವರ ಕಂದು ಬಣ್ಣದ ಸೂಟ್‌ಕೇಸು ಇತ್ತು. ಅವರ ಪಂಚೆ, ಶರಟು, ಸ್ವೆಟರು ಎಲ್ಲ ಅದರೊಳಗೇ. ಬೆಳಗ್ಗೆ ಅದರಿಂದ ತೆಗೆದು ಉಡುವುದು, ಒಗೆದು ಒಣಗಿದ್ದನ್ನು ಮಡಿಸಿ ಅದರೊಳಗೇ ಇಡುವುದು. ಮಗಳು ಹರಿಪ್ರಿಯಾ ಅವರ ಕೋಣೆಯ ಗೋಡೆಬೀರುವನ್ನು ಖಾಲಿ ಮಾಡಿಕೊಟ್ಟು ಎರಡೂವರೆ ವರ್ಷವಾಗಿತ್ತು. ಅದರಲ್ಲಿ ವೇದವತಮ್ಮನವರ ಸೀರೆಗಳು ಒಂದು ಕಡೆ ನೇತಾಡುತ್ತಿದ್ದವು, ಇನ್ನೊಂದು ಕಡೆ ಬರಿಯ ಹ್ಯಾಂಗರುಗಳು.

ಅಳಿಯ ಅಚ್ಯುತ ಮಾತು ಕಡಿಮೆಯ ಮನುಷ್ಯ. ಸ್ಯಾನ್ ಹೊಸೆಯ ಒಂದು ಕಂಪನಿಯಲ್ಲಿ ಎಂಜಿನಿಯರು. ಮಾವ "ಮುಂದಿನ ತಿಂಗಳು ಹೊರಡ್ತೀವಿ ಅಳಿಯಂದ್ರೇ" ಎಂದಾಗಲೆಲ್ಲ "ನಿಮ್ಮಿಷ್ಟ ಮಾವ" ಎಂದು ಹೇಳಿ ಲ್ಯಾಪ್‌ಟಾಪು ತೆರೆಯುತ್ತಿದ್ದ. ಆ ಮನೆಯಲ್ಲಿ ಗುರುಪ್ರಸಾದರಿಗೆ ವಿಚಿತ್ರ ಎನಿಸಿದ್ದು ಒಂದೇ ಸಂಗತಿ. ಎರಡು ಮೂರು ತಿಂಗಳಿಗೊಮ್ಮೆ ಕಾಫಿಪುಡಿ ಬದಲಾಗುತ್ತಿತ್ತು. ಒಂದು ಸಲ ಹಾಸಿಗೆಯೂ ಬದಲಾಯಿತು. ಈ ದೇಶದವರಿಗೆ ಯಾವುದರಲ್ಲೂ ನಿಲುಗಡೆಯಿಲ್ಲ ಎಂದು ಅವರು ಹೆಂಡತಿಗೆ ಹೇಳಿದ್ದರು.

ಎಲ್ಲ ಹೀಗೆಯೇ ಸಾಗುತ್ತಿತ್ತೋ ಏನೋ. ಆದರೆ ಮನೆಯಲ್ಲಿ ಭಾವನಾ ಇದ್ದಳು.

ಭಾವನಾ ಮೊಮ್ಮಗಳು. ಆರು ವರ್ಷ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು. ಹಾಗೆಂದು ಆ ಮನೆಯಲ್ಲಿ ಅವಳಷ್ಟು ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಎರಡು ಕೈ, ಹುಬ್ಬು, ಭುಜ, ಮೂಗು ಎಲ್ಲ ಸೇರಿಸಿ ಅವಳು ಮಾತಿಗೆ ನಿಂತರೆ ಅಪ್ಪ ಅಮ್ಮ ಇಬ್ಬರೂ ತಟ್ಟೆ ಬದಿಗಿಟ್ಟು ಉತ್ತರ ಕೊಡಬೇಕಾಗುತ್ತಿತ್ತು. ವೇದವತಮ್ಮನವರು ಅಡುಗೆಮನೆಯಲ್ಲಿ ಅವಳೆದುರು ನಿಂತು, ನಗಿಸಿಕೊಂಡು, ಬೈಸಿಕೊಂಡು, ವರ್ಷದೊಳಗೆ ಆ ಕೈಮಾತನ್ನು ಕಲಿತುಬಿಟ್ಟರು. ಗುರುಪ್ರಸಾದರಿಗೆ ಬರುತ್ತಿದ್ದದ್ದು ನಾಲ್ಕೇ ಸಂಜ್ಞೆ: ಊಟ, ನೀರು, ಮಲಗು, ಸಾಕು. ಮಿಕ್ಕದ್ದಕ್ಕೆಲ್ಲ ಅವರು ನಗುತ್ತಾ ತಲೆಯಾಡಿಸುತ್ತಿದ್ದರು. ಹೀಗೆ ತಲೆಯಾಡಿಸಿ ಒಂದು ಸಲ ತಮ್ಮ ಕನ್ನಡಕವನ್ನು ಮೀನಿನ ತೊಟ್ಟಿಗೆ ಹಾಕಲು ಒಪ್ಪಿಗೆ ಕೊಟ್ಟಿದ್ದರು.

ಮನೆಯವರಿಗೆಲ್ಲ ಭಾವನಾ ಒಂದೊಂದು ಹೆಸರಿಟ್ಟಿದ್ದಳು, ಕೈಯಲ್ಲಿ ಮಾಡಿ ತೋರಿಸುವ ಹೆಸರು. ಅಜ್ಜಿಗೆ ಮೂಗುಬೊಟ್ಟಿನ ಮೇಲೊಂದು ಬೆರಳು. ಅಪ್ಪನಿಗೆ ಗಡ್ಡ ಸವರುವುದು. ತಾತನಿಗೆ ಮುಷ್ಟಿ ಬಿಗಿದು, ಕೈ ಕೆಳಗೆ ಬಿಟ್ಟು, ಎರಡು ಸಲ ಮೇಲೆ ಕೆಳಗೆ ಆಡಿಸುವುದು. ಅದು ಶಿರಸ್ತೇದಾರರ ಗತ್ತಿಗೆ ಸಂದ ಮರ್ಯಾದೆ ಎಂದು ಗುರುಪ್ರಸಾದರು ತಿಳಿದಿದ್ದರು. ಯಾರನ್ನೂ ಕೇಳಲು ಹೋಗಿರಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಭಾವನಾ ಬೇಸಿಗೆ ಶಿಬಿರದಿಂದ ಬಂದವಳೇ ತಾತನ ಮುಂದೆ ನಿಂತು ದೊಡ್ಡದೊಂದು ಕಥೆ ಹೇಳತೊಡಗಿದಳು. ಗುರುಪ್ರಸಾದರು ಎಂದಿನಂತೆ ನಕ್ಕು ತಲೆಯಾಡಿಸಿದರು. ಅವಳು ಇನ್ನಷ್ಟು ಹೇಳಿದಳು. ಅವರು ಇನ್ನಷ್ಟು ನಕ್ಕರು. ಅರ್ಧದಲ್ಲಿ ಅವಳ ಕೈ ನಿಂತಿತು. ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಸುಮ್ಮನೆ ತಿರುಗಿ ಅಡುಗೆಮನೆಗೆ ಹೋದಳು. ಆಮೇಲೆ ವೇದವತಮ್ಮ ಹೊರಗೆ ಬಂದು ಹೇಳಿದರು: "ಅವಳ ಗೆಳತಿ ಮನೆ ನಾಯಿ ಸತ್ತೋಯ್ತಂತೆ ರೀ. ಮಗು ಅಳ್ತಾ ಇದೆ. ನೀವು ನಕ್ಕರಂತೆ."

ಗುರುಪ್ರಸಾದರು ಅವತ್ತು ರಾತ್ರಿಯೂಟಕ್ಕೆ ಏಳಲಿಲ್ಲ. ಈ ಮಗು ದೊಡ್ಡದಾಗುವ ಹೊತ್ತಿಗೆ ತಾನು ಅದರ ಪಾಲಿಗೆ ನಗುವ ಗೊಂಬೆಯಾಗಿ ಉಳಿಯುತ್ತೇನೆ ಎಂದು ಅವರಿಗೆ ಹೊಳೆಯಿತು. ಹೆಂಡತಿಯ ಹಾಗೆ ಅಡುಗೆಮನೆಯಲ್ಲಿ ನಿಂತು ಕಲಿಯುವುದು ಅವರಿಂದಾಗದು. ಪಠ್ಯಕ್ರಮ, ಹಾಜರಿ, ಪರೀಕ್ಷೆ, ಇವಿಲ್ಲದೆ ಅವರು ಏನನ್ನೂ ಕಲಿತವರಲ್ಲ. ವಿಚಾರಿಸಿದಾಗ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಸಂಜ್ಞಾಭಾಷೆಯ ತರಗತಿ ಇದೆಯೆಂದು ತಿಳಿಯಿತು. ಆಗಸ್ಟ್ ಕೊನೆಯ ಸೋಮವಾರ ಶುರು. ಈ ರಾಜ್ಯದ ನಿವಾಸಿಗಳಿಗೆ ಫೀಜು ಅವರ ಪಿಂಚಣಿಯಲ್ಲಿ ಆಗುವಷ್ಟು. ಹೊರಗಿನವರಿಗೆ ಅದರ ಒಂಬತ್ತು ಪಟ್ಟು.

"ಕಲೀರಿ, ಒಳ್ಳೇದೇ. ಆದ್ರೆ ಮುಂದಿನ ತಿಂಗಳು ಹೊರಡೋರು ನಾಲ್ಕು ತಿಂಗಳ ಕ್ಲಾಸಿಗೆ ಹೇಗೆ ಸೇರ್ತೀರಿ?" ಎಂದರು ವೇದವತಮ್ಮ.

"ಅದು ಬೇರೆ ಕಡತ, ಇದು ಬೇರೆ ಕಡತ. ಎರಡನ್ನೂ ಒಟ್ಟಿಗೆ ಕಟ್ಟಬೇಡ" ಎಂದರು ಗುರುಪ್ರಸಾದರು.

ಆ ಎರಡು ಕಡತಗಳು ಒಟ್ಟಿಗೆ ಸೇರಿದ್ದು ಕಾಲೇಜಿನ ಪ್ರವೇಶ ಕಚೇರಿಯ ಎರಡನೆಯ ಕೌಂಟರಿನಲ್ಲಿ, ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ.

ಕೌಂಟರಿನಲ್ಲಿದ್ದವರು ಟ್ರಾನ್ ಎಂಬ ಐವತ್ತು ದಾಟಿದ ಹೆಂಗಸು. ಮೇಜಿನ ಮೇಲೆ ಪೆನ್ನುಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದರು. ಅದನ್ನು ನೋಡಿಯೇ ಗುರುಪ್ರಸಾದರಿಗೆ ಗೌರವ ಹುಟ್ಟಿತು.

"ಕ್ಯಾಲಿಫೋರ್ನಿಯಾಗೆ ಬಂದು ಎಷ್ಟು ದಿನ ಆಯಿತು?" ಎಂದು ಟ್ರಾನ್ ಇಂಗ್ಲಿಷಿನಲ್ಲಿ ಕೇಳಿದರು.

"ಎರಡು ವರ್ಷ, ಏಳು ತಿಂಗಳು, ಹನ್ನೊಂದು ದಿನ."

"ತರಗತಿ ಶುರುವಾಗುವ ಮುಂಚೆ ಒಂದು ವರ್ಷ ಒಂದು ದಿನ ಇದ್ದಿದ್ದರೆ ಸಾಕು."

ಆ ಒಂದು ದಿನವನ್ನು ಕೇಳಿ ಗುರುಪ್ರಸಾದರಿಗೆ ಮೈ ಪುಳಕವಾಯಿತು. ವರ್ಷ ಎಂದು ಬಿಟ್ಟರೆ ತಕರಾರು ಬರುತ್ತದೆಂದು ತಿಳಿದು, ಮೇಲೊಂದು ದಿನ ಸೇರಿಸಿದ್ದಾರಲ್ಲ, ಈ ಕಾನೂನು ಬರೆದವನು ಕಚೇರಿ ಕಂಡವನೇ ಇರಬೇಕು. ಅವರು ರಾಜ್ಯದ ಗುರುತಿನ ಚೀಟಿ, ಬ್ಯಾಂಕಿನ ಕಾಗದ, ಗ್ರೀನ್ ಕಾರ್ಡು, ಎಲ್ಲದಕ್ಕೂ ಮೂರು ಮೂರು ಪ್ರತಿ ಮಾಡಿಸಿ ಟ್ಯಾಗು ಹಾಕಿ ತಂದಿದ್ದನ್ನು ಮುಂದಿಟ್ಟರು. ಟ್ರಾನ್ ಒಂದೊಂದನ್ನೇ ನೋಡಿ ತಲೆಯಾಡಿಸಿದರು.

"ಕೊನೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲೇ ಖಾಯಂ ಆಗಿ ನೆಲೆಸುವ ಉದ್ದೇಶ ಇದೆಯೇ?"

ಗುರುಪ್ರಸಾದರು ಬಾಯಿ ತೆರೆದರು. ಸರಿಯಾಗಿ ಅದೇ ಗಳಿಗೆಗೆ ಬೆನ್ನ ಹಿಂದಿನಿಂದ, "ಅರೆ, ಗುರುಪ್ರಸಾದ್ ಅಂಕಲ್! ನೀವೇನಿಲ್ಲಿ?" ಎಂಬ ದನಿ ಕೇಳಿತು.

ಮೈಥಿಲಿ. ಹಿರಿಯರ ಬಳಗದ ಕಾರ್ಯದರ್ಶಿ. ಸಂಜೆ ಕ್ಲಾಸೊಂದಕ್ಕೆ ಸೇರಲು ಬಂದು ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದಳು. ನಾಲ್ಕು ದಿನದ ಹಿಂದೆಯಷ್ಟೇ ಫೋನು ಮಾಡಿ, ಐದನೆಯ ಬೀಳ್ಕೊಡುಗೆಗೆ ಯಾವ ಬಣ್ಣದ ಶಾಲು ತರಲಿ ಎಂದು ಕೇಳಿದ್ದವಳು ಇವಳೇ.

ಗುರುಪ್ರಸಾದರಿಗೆ ಬೆವರು ಕಿತ್ತುಕೊಂಡಿತು. ತಿರುಗಿ, ಕೌಂಟರಿನ ಆಚೆಗೂ ಕೇಳುವಷ್ಟು ಜೋರಾಗಿ ಹೇಳಿದರು: "ಏನಿಲ್ಲಮ್ಮ, ಸುಮ್ನೆ! ನಾನು ನೆಕ್ಸ್ಟ್ ಮಂತು ಇಂಡಿಯಾಗೆ ರಿಟರ್ನು! ಪರ್ಮನೆಂಟು!"

ಆ ಮಾತಿನಲ್ಲಿ ಟ್ರಾನ್ ಅವರಿಗೆ ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ. ಅವರು ಕೆಂಪು ಪೆನ್ನು ತೆಗೆದುಕೊಂಡು ಅರ್ಜಿಯ ಮೂಲೆಯಲ್ಲಿ ಒಂದು ಗುರುತು ಹಾಕಿದರು.

"ಕ್ಷಮಿಸಿ ಸರ್. ನಿಮ್ಮನ್ನು ಹೊರ ರಾಜ್ಯದವರು ಎಂದು ದಾಖಲಿಸಬೇಕಾಗುತ್ತದೆ. ಆಕ್ಷೇಪಣೆ ಇದ್ದರೆ ಶುಕ್ರವಾರ ಮಧ್ಯಾಹ್ನದೊಳಗೆ ಮೇಲ್ಮನವಿ ಕೊಡಬಹುದು. ಇಲ್ಲೇ ಇರುವ ಉದ್ದೇಶವನ್ನು ತೋರಿಸುವ ಕಾಗದ ಏನಿದ್ದರೂ ತನ್ನಿ. ಮನೆಯ ಯಜಮಾನರಿಂದ ಒಂದು ಪತ್ರವೂ ಬೇಕು."

ಅರ್ಜಿಯ ಮೇಲಿನ ಕೆಂಪು ಷರಾ ಎಂದರೆ ಏನೆಂದು ಗುರುಪ್ರಸಾದರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಅವರೇ ಬರೆದಿದ್ದರು. ನಂಜನಗೂಡಿನಲ್ಲಿ ವಾಸಸ್ಥಳ ದೃಢೀಕರಣ ಪತ್ರ ಕೇಳಿಕೊಂಡು ಬಂದವರಲ್ಲಿ ಯಾರಾದರೂ "ಹೋಗ್ತಾ ಬರ್ತಾ ಇರ್ತೀನಿ ಸ್ವಾಮಿ" ಎಂದರೆ ಸಾಕು, ಅಂಥ ಕಡತವನ್ನು ಅವರು ಕೆಂಪು ಶಾಯಿಯಲ್ಲಿ ವಾಪಸ್ಸು ಕಳಿಸುತ್ತಿದ್ದರು. ಟ್ರಾನ್ ಅವರ ಮೇಲೆ ಅವರಿಗೆ ಕೋಪ ಬರಲಿಲ್ಲ. ಬಂದದ್ದು ಹಟ. ಕಾನೂನು ಕೇಳಿದ್ದು ಒಂದು ಪುಟ್ಟ ಹೇಳಿಕೆಯಾದರೆ, ತಾವು ಕೊಡುವುದು ಯಾರೂ ಅಲ್ಲಗಳೆಯಲಾಗದ ದಾಖಲೆಯಾಗಬೇಕು.

ಮನೆಗೆ ಬಂದವರೇ ವೇದವತಮ್ಮನವರಿಗೆ ಆಜ್ಞೆ ಮಾಡಿದರು: "ನಾಳೆ ಮಧ್ಯಾಹ್ನ ಮೂರು ಗಂಟೆಗೆ ಸ್ಥಳ ಮಹಜರು. ಪಂಚರು ಬರ್ತಾರೆ. ಅವಲಕ್ಕಿ ಒಗ್ಗರಣೆ ಹಾಕು."

ಮಹಜರು ಎಂದರೆ, ಊರಿನ ನಾಲ್ಕು ಜನ ಮರ್ಯಾದಸ್ಥರನ್ನು ಸ್ಥಳದಲ್ಲಿ ಕೂರಿಸಿ, ಕಂಡದ್ದನ್ನು ಕೇಳಿದ್ದನ್ನು ಹೇಳಿಸಿ, ಬರೆದುಕೊಂಡು ಸಹಿ ಹಾಕಿಸುವುದು. ನಮ್ಮ ತಾಲ್ಲೂಕುಗಳಲ್ಲಿ ಮನುಷ್ಯ ಎಲ್ಲಿ ವಾಸವಾಗಿದ್ದಾನೆ ಎನ್ನುವುದು ಇತ್ಯರ್ಥವಾಗುವುದೇ ಹೀಗೆ. ಯೂನಿಯನ್ ಸಿಟಿಯಲ್ಲಿ ಇಂಥದೊಂದು ಹಿಂದೆ ನಡೆದ ಹಾಗಿಲ್ಲ.

ಬುಧವಾರ ಮೂರಕ್ಕೆ ಪಂಚರು ಸೇರಿದರು. ಬೆರ್ರಿಯೆಸಾದಿಂದ ಬಾರ್ಟ್ ರೈಲು ಹತ್ತಿ ಅಧ್ಯಕ್ಷ ಜಗನ್ನಾಥರು. ಮೈಥಿಲಿ. ಎರಡು ಬೀದಿ ಆಚೆ ಮಗಳು ಆರತಿಯ ಮನೆಯಲ್ಲಿರುವ ಕಲಬುರಗಿಯ ಸಿದ್ರಾಮಪ್ಪನವರು. ಸಿದ್ರಾಮಪ್ಪನವರು ಎರಡು ತಿಂಗಳಿಗೆಂದು ಬಂದು ಆರು ವರ್ಷವಾಗಿತ್ತು. ನಾಲ್ಕನೆಯವರು ಸಿಗಲಿಲ್ಲ. ಗುರುಪ್ರಸಾದರು ಹೆಗಲ ಮೇಲೆ ವಲ್ಲಿ ಹಾಕಿಕೊಂಡು, ಉದ್ದ ಹಾಳೆಯ ಮೇಲೆ ಬರೆಯುತ್ತಾ ಗಟ್ಟಿಯಾಗಿ ಓದಿದರು:

"ನಾವು ಈ ಕೆಳಗೆ ಸಹಿ ಮಾಡಿರುವ ಪಂಚರು, ಸದರಿ ಮನೆಯಲ್ಲಿ ಖುದ್ದು ಹಾಜರಿದ್ದು ಸತ್ಯವಾಗಿ ಹೇಳುವುದೇನೆಂದರೆ. ಮನೆಯ ಚೆಕ್ಕುಬಂದಿ: ಪೂರ್ವಕ್ಕೆ ಗುರ್ಮೀತ್ ಸಿಂಗರ ಗರಾಜು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಟಪ್ಪಾಲು ಪೆಟ್ಟಿಗೆ, ದಕ್ಷಿಣಕ್ಕೆ ನಿಂಬೆ ಗಿಡ. ಇದರೊಳಗೆ ಗುರುಪ್ರಸಾದ ಎಂಬುವರು ಖಾಯಂ ಆಗಿ ವಾಸ..."

"ಒಂದ್ನಿಮಿಷ" ಎಂದರು ಜಗನ್ನಾಥರು. "ಖಾಯಂ ಅಂತ ನಾನ್ ಹೇಗೆ ಸಹಿ ಹಾಕ್ಲಿ? ನಿಮ್ಗೆ ನಾಲ್ಕು ಸಲ ಶಾಲು ಹೊದಿಸಿದ್ದು ಇದೇ ಕೈ. ಹೊರಡ್ತಿದ್ದಾರೆ ಅಂತ ಮೈಕಿನಲ್ಲಿ ಹೇಳಿದ್ದೀನಿ. ಮೂರನೇ ಸಲ ಅತ್ತಿದ್ದೀನಿ ಸ್ವಾಮಿ!"

"ಅದು ಆಗಿನ ಮಾತು."

"ನಿನ್ನೆ ಕೌಂಟರ್ ಹತ್ರ ನೀವೇ ಅಂದ್ರಲ್ಲ ಅಂಕಲ್, ಪರ್ಮನೆಂಟ್ ರಿಟರ್ನು ಅಂತ?" ಮೈಥಿಲಿ ಕೇಳಿದಳು. "ಐದನೇ ಫಂಕ್ಷನ್ನಿಗೆ ಹಾಲ್ ಬುಕ್ ಮಾಡಿದ್ದೀನಿ. ಬರೋ ಭಾನುವಾರ. ಶಾಲು ನೇರಳೆ ಬಣ್ಣದ್ದು."

ಸಿದ್ರಾಮಪ್ಪನವರು ಅವಲಕ್ಕಿಯ ತಟ್ಟೆ ಕೆಳಗಿಟ್ಟರು. ಅವರ ಮುಖ ಸಣ್ಣದಾಗಿತ್ತು. "ಗುರುಪ್ರಸಾದ್ರ, ನೀವು ಇಲ್ಲೇ ಇರಾವ್ರು ಅಂತ ಬರದುಕೊಟ್ರ ನಮ್ಮ ಗತಿ ಏನ್ರೀ? ನಾಳೆ ಬೆಳಗಾದ್ರ ಎಲ್ಲಾರೂ ನನ್ನ ಕೇಳ್ತಾರ. ಸಿದ್ರಾಮಪ್ಪ, ನೀನೂ ಮಗಳ ಮನ್ಯಾಗ ಖಾಯಂ ಏನಪಾ ಅಂತ. ನಾ ಏನ್ ಹೇಳ್ಲಿ? ನಾ ಹೋಗಾಂವ ಇದ್ದೀನ್ರೀ!"

"ಯಾವಾಗ ಹೋಗ್ತೀರಿ?" ಎಂದು ವೇದವತಮ್ಮ ಒಳಗಿನಿಂದ ಕೇಳಿದರು.

"ದೀಪಾವಳಿ ಆದ ಮ್ಯಾಗ" ಎಂದರು ಸಿದ್ರಾಮಪ್ಪನವರು, ಯಾವ ದೀಪಾವಳಿ ಎಂದು ಹೇಳಲಿಲ್ಲ.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಪಂಚರನ್ನು ಕಳಿಸಿಬಿಡುತ್ತಿದ್ದರು. ಇಲ್ಲವೇ ತಮಗೆ ಬೇಕಾದ ಹಾಗೆ ನಾಲ್ಕು ಸಾಲು ಗೀಚಿಕೊಳ್ಳುತ್ತಿದ್ದರು. ಆದರೆ ಪಂಚರು ಆಡಿದ್ದನ್ನು ಒಂದಕ್ಷರ ತಿದ್ದದೆ ಬರೆದುಕೊಳ್ಳಬೇಕು ಎಂಬುದು ಗುರುಪ್ರಸಾದರ ವೃತ್ತಿಧರ್ಮ. ಒಂದು ಸಲ ಶುರುವಾದ ಮಹಜರನ್ನು ಅರ್ಧಕ್ಕೆ ಬಿಟ್ಟ ಉದಾಹರಣೆ ಅವರ ಸೇವಾವಧಿಯಲ್ಲಿ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಬರೆದರು. ಜಗನ್ನಾಥರ ಹೇಳಿಕೆ ಒಂದೂವರೆ ಪುಟವಾಯಿತು. ತೇದಿಗಳ ಸಮೇತ ನಾಲ್ಕು ಬೀಳ್ಕೊಡುಗೆಗಳು. ಅನುಬಂಧವಾಗಿ ಹಾರ ಹಾಕಿಸಿಕೊಂಡ ನಾಲ್ಕು ಫೋಟೋಗಳು. ಮೈಥಿಲಿಯ ಹೇಳಿಕೆ ಅರ್ಧ ಪುಟ. ಸಿದ್ರಾಮಪ್ಪನವರದು ಎರಡೇ ಸಾಲು: "ಇವರು ಹೋಗುವವರು. ನಾನೂ ಹೋಗುವವನು." ಗುರುವಾರ ಬೆಳಗಿನಿಂದ ಕೂತು ಅದನ್ನೆಲ್ಲ ಇಂಗ್ಲಿಷಿಗೆ ಇಳಿಸಿ, ಪುಟಸಂಖ್ಯೆ ಹಾಕಿ, ಕಾಲೇಜಿಗೆ ಹೋಗಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದರು.

ಯಜಮಾನರ ಪತ್ರದ ಜಾಗ ಮಾತ್ರ ಖಾಲಿ ಇತ್ತು. ಅದನ್ನು ಅಳಿಯನ ಹತ್ತಿರ ಕೇಳಲು ಅವರ ನಾಲಿಗೆ ಏಳಲಿಲ್ಲ. "ನಿಮ್ಮನೇಲಿ ಖಾಯಂ ಇರ್ತೀನಿ, ಬರ್ಕೊಡಿ" ಎಂದು ಯಾವ ಬಾಯಿಂದ ಕೇಳುವುದು?

ಟ್ರಾನ್ ಅವರಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಅರ್ಜಿಯಲ್ಲಿದ್ದ ಅಚ್ಯುತನ ನಂಬರಿಗೆ ಗುರುವಾರ ಸಂಜೆಯೇ ಫೋನು ಮಾಡಿದರು.

ರಾತ್ರಿ ಊಟದಲ್ಲಿ ಅಚ್ಯುತ ಸಾರನ್ನ ಮುಗಿಸಿ ಮೊಸರಿಗೆ ಬಂದಾಗ, "ನಾಳೆ ಕಾಲೇಜಿಗೆ ಎಷ್ಟು ಗಂಟೆಗೆ ಹೊರಡೋಣ ಮಾವ?" ಎಂದ.

"ಅಪ್ಪಾ, ಕಾಲೇಜಾ?" ಎಂದಳು ಹರಿಪ್ರಿಯಾ. "ನಮಗೊಂದು ಮಾತು ಹೇಳೋದಲ್ವಾ?"

ಗುರುಪ್ರಸಾದರು ಉಪ್ಪಿನಕಾಯಿಯನ್ನು ನೋಡಿಕೊಂಡು ಕೂತರು.

ಶುಕ್ರವಾರ ಭಾವನಾಳ ಶಾಲೆಗೆ ರಜೆ ಇದ್ದುದರಿಂದ ಅವಳೂ ಕಾರು ಹತ್ತಿದಳು. ಟ್ರಾನ್ ಅವರ ಕೋಣೆಯಲ್ಲಿ ನಾಲ್ಕು ಕುರ್ಚಿ, ಮೇಜಿನ ಮೇಲೆ ಹನ್ನೊಂದು ಪುಟಗಳ ಮಹಜರು. ಅವರು ಅದನ್ನು ಪೂರ್ತಿ ಓದಿದ್ದರು. ಅಲ್ಲಲ್ಲಿ ಹಳದಿ ಚೀಟಿ ಅಂಟಿಸಿದ್ದರು.

"ಮಿಸ್ಟರ್ ಪ್ರಸಾದ್, ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೀನಿ. ಇಷ್ಟು ಚೆನ್ನಾಗಿ ತಯಾರಿಸಿದ ಮೇಲ್ಮನವಿಯನ್ನು ನಾನು ನೋಡಿಲ್ಲ" ಎಂದರು ಟ್ರಾನ್. ಗುರುಪ್ರಸಾದರು ಬೆನ್ನು ನೆಟ್ಟಗೆ ಮಾಡಿ ಕೂತರು. "ಆದರೆ ಇದನ್ನು ನೀವು ಯಾರ ಪರವಾಗಿ ಕೊಟ್ಟಿದ್ದೀರಿ ಎಂದು ನನಗೆ ತಿಳಿಯಲಿಲ್ಲ. ಮೂವರು ಸಾಕ್ಷಿಗಳೂ ನೀವು ಊರಿಗೆ ಹೋಗುತ್ತೀರಿ ಎನ್ನುತ್ತಾರೆ. ಹಾರ ಹಾಕಿದ ಫೋಟೋಗಳೂ ಇವೆ."

"ಪಂಚರ ಹೇಳಿಕೆಯನ್ನು ತಿದ್ದುವ ಅಧಿಕಾರ ನನಗಿಲ್ಲ ಮೇಡಂ" ಎಂದರು ಗುರುಪ್ರಸಾದರು ಗಂಭೀರವಾಗಿ.

"ಸರಿ. ನಿಮ್ಮ ಹೇಳಿಕೆ ಏನು?"

ಗುರುಪ್ರಸಾದರು ಬಾಯಿ ತೆರೆದು ಮುಚ್ಚಿದರು. ಪಕ್ಕದಲ್ಲಿ ಅಳಿಯ ಕೂತಿದ್ದ. ಅವನೆದುರು ಆ ಮಾತು ಹೊರಡಲಿಲ್ಲ. ಆಮೇಲೆ ಅಚ್ಯುತನೇ ನೆಲ ನೋಡುತ್ತಾ ಕನ್ನಡದಲ್ಲಿ ಶುರು ಮಾಡಿದ.

"ಮಾವ, ಒಂದು ಕೇಳ್ಲಾ? ನಮ್ಮನೇಲಿ ನಿಮಗೆ ಏನು ಕಡಿಮೆ ಆಗಿದೆ?"

"ಛೆ ಛೆ, ಏನು ಮಾತು ಅಂತ ಆಡ್ತೀರಿ ಅಳಿಯಂದ್ರೇ!"

"ಇಲ್ಲ ಮಾವ. ಪ್ರತಿ ತಿಂಗಳೂ ನೀವು ಹೊರಡ್ತೀನಿ ಅಂದಾಗ, ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ. ಕಾಫಿ ಹಿಡಿಸ್ತಿಲ್ವೇನೋ ಅಂತ ಪುಡಿ ಬದಲಾಯಿಸ್ದೆ. ಒಂಬತ್ತು ಥರ ಪುಡಿ ತಂದಿದೀನಿ. ಬೆನ್ನು ನೋವೇನೋ ಅಂತ ಮ್ಯಾಟ್ರೆಸ್ ಬದಲಾಯಿಸ್ದೆ. ಇರಿ ಅಂತ ಬಲವಂತ ಮಾಡಿದ್ರೆ ನಿಮ್ಗೆ ಕಷ್ಟ ಆಗ್ಬಹುದು ಅಂತ ನಿಮ್ಮಿಷ್ಟ ಅಂತಿದ್ದೆ. ನನಗೆ ಅಪ್ಪ ಇಲ್ಲ ಮಾವ. ಮನೇಲಿ ದೊಡ್ಡೋರಿದ್ರೆ ಹೇಗೆ ಇಟ್ಕೋಬೇಕು ಅಂತ ನನಗೆ ಗೊತ್ತಿಲ್ಲ."

ಗುರುಪ್ರಸಾದರು ಅಳಿಯನ ಕಡೆ ತಿರುಗಿ ನೋಡಿದರು. ಎರಡೂವರೆ ವರ್ಷದಲ್ಲಿ ಆ ಹುಡುಗ ಇಷ್ಟು ಮಾತಾಡಿದ್ದು ಇದೇ ಮೊದಲು. ತಾವು ಜನರ ಬಾಯಿಗೆ ಹೆದರಿ ಕಟ್ಟಿಕೊಂಡ ಏರ್ಪಾಡಿನ ಒಳಗೆ ಇವನು ಒಬ್ಬನೇ ನಿಂತು ಕಾಫಿಪುಡಿ ಬದಲಾಯಿಸುತ್ತಿದ್ದ ಎಂಬುದು ಅವರಿಗೆ ಈಗ ತಿಳಿಯಿತು.

ಇಬ್ಬರೂ ತಮಗೆ ತಿಳಿಯದ ಭಾಷೆಯಲ್ಲಿ ಮಾತಾಡಿ ಸುಮ್ಮನಾದದ್ದನ್ನು ಕಂಡು, ಟ್ರಾನ್ ಮಗುವಿನ ಕಡೆ ತಿರುಗಿದರು. ಆ ಕಾಲೇಜಿನಲ್ಲಿ ಕಿವಿ ಕೇಳಿಸದ ವಿದ್ಯಾರ್ಥಿಗಳು ಬಹಳ. ಅವರ ಜೊತೆ ಒಡನಾಡಿ ಟ್ರಾನ್ ಅವರಿಗೆ ಕೈಮಾತು ಸಲೀಸಾಗಿತ್ತು. ಅವರು ಭಾವನಾಳನ್ನು ಏನೋ ಕೇಳಿದರು. ಭಾವನಾಳ ಮುಖ ಅರಳಿತು. ಅಪ್ಪನನ್ನು ತೋರಿಸಿ ಗಡ್ಡ ಸವರಿದಳು. ತಾತನನ್ನು ತೋರಿಸಿ, ಮುಷ್ಟಿ ಬಿಗಿದು, ಕೈ ಕೆಳಗೆ ಬಿಟ್ಟು, ಎರಡು ಸಲ ಆಡಿಸಿದಳು.

ಟ್ರಾನ್ ಅವರ ಹುಬ್ಬು ಮೇಲೇರಿತು. "ಇವಳು ನಿಮ್ಮನ್ನು ಸೂಟ್‌ಕೇಸು ಅಂತ ಕರೆಯುತ್ತಾಳೆ. ಯಾಕೆ?"

ಟ್ರಾನ್ ಮಗುವನ್ನೇ ಕೇಳಿದರು. ಭಾವನಾ ಸರಸರನೆ ಹೇಳಿದ್ದನ್ನು ಅವರು ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸಿದರು: "ತಾತನ ಬಟ್ಟೆ ಎಲ್ಲ ಸೂಟ್‌ಕೇಸಿನಲ್ಲೇ ಇದೆ. ತಾತ ಹೋಗುತ್ತಾನೆ. ನಾನು ದಿನಾ ಬೆಳಗ್ಗೆ ಮೆಟ್ಟಿಲ ಕೆಳಗೆ ಹೋಗಿ ನೋಡುತ್ತೇನೆ, ಅದು ಇನ್ನೂ ಇದೆಯಾ ಅಂತ."

ನಾಲ್ಕನೆಯ ಪಂಚರು ಸಿಕ್ಕಿರಲಿಲ್ಲವಲ್ಲ, ಸಿಕ್ಕರು. ಮಿಕ್ಕ ಮೂವರ ಹೇಳಿಕೆಗಳನ್ನು ತಡೆದುಕೊಂಡಿದ್ದ ಶಿರಸ್ತೇದಾರರು ಇದನ್ನು ತಡೆದುಕೊಳ್ಳಲಾರದೆ ಹೋದರು. ಎದ್ದು ನಿಂತರು. ವಲ್ಲಿಯಲ್ಲಿ ಮುಖ ಒರೆಸಿಕೊಂಡರು. ಮೇಜಿನ ಮೇಲಿದ್ದ ಹನ್ನೊಂದು ಪುಟಗಳನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮಹಜರು ವಾಪಸ್ ತಗೋತೀನಿ ಮೇಡಂ" ಎಂದರು. ಆಮೇಲೆ ಅಳಿಯನಿಗೆ ಕನ್ನಡದಲ್ಲಿ ಹೇಳಿದರು: "ಅಳಿಯಂದ್ರೇ, ತಪ್ಪು ನಿಮ್ಮದಲ್ಲ, ನಂದು. ನಾನು ಊರಿಗೆ ಹೋಗಲ್ಲ. ಹೋದ್ರೂ ನೋಡ್ಕೊಂಡು ಬಂದ್ಬಿಡ್ತೀನಿ. ನಿಮ್ಮನೇಲೇ ಇರ್ತೀನಿ. ಆಗಬಹುದಾ?"

"ನಿಮ್ಮಿಷ್ಟ..." ಎಂದು ಅಭ್ಯಾಸಬಲದಿಂದ ಶುರು ಮಾಡಿದ ಅಚ್ಯುತ ತಡೆದುಕೊಂಡ. "ಇಲ್ಲ, ನನ್ನಿಷ್ಟ. ಇರಿ ಮಾವ."

ಏನಾಯಿತೆಂದು ಟ್ರಾನ್ ಕೇಳಿದರು. ಅಚ್ಯುತ ಹೇಳಿದ. ಟ್ರಾನ್ ಡ್ರಾಯರಿನಿಂದ ಹೊಸ ಅರ್ಜಿಯೊಂದನ್ನು ತೆಗೆದು, ಕೊನೆಯ ಪ್ರಶ್ನೆಯ ಎದುರಿದ್ದ ಪುಟ್ಟ ಚೌಕವನ್ನು ತೋರಿಸಿದರು. ಗುರುಪ್ರಸಾದರು ಟಿಕ್ ಹಾಕಿ ಸಹಿ ಮಾಡಿದರು. ಯಜಮಾನರ ಪತ್ರವನ್ನು ಅಚ್ಯುತ ಅಲ್ಲೇ ಕೂತು ಬರೆದ.

"ಇಷ್ಟೇನಾ?" ಎಂದರು ಗುರುಪ್ರಸಾದರು.

"ಇಷ್ಟೇ. ಮಂಗಳವಾರವೂ ಇಷ್ಟೇ ಇತ್ತು" ಎಂದರು ಟ್ರಾನ್. ಮುದ್ರೆಯನ್ನು ಎತ್ತಿಹಿಡಿದು ಕೇಳಿದರು: "ಮುಂದಿನ ತಿಂಗಳ ಪ್ರಯಾಣ?"

"ಮುಂದಿನ ತಿಂಗಳು ನನಗೆ ಪರೀಕ್ಷೆ ಇರುತ್ತೆ ಮೇಡಂ."

ಮುದ್ರೆ ಬಿತ್ತು.

ಮನೆಗೆ ಬಂದ ಗುರುಪ್ರಸಾದರು ಚಪ್ಪಲಿ ಬಿಟ್ಟವರೇ ಮೆಟ್ಟಿಲ ಕೆಳಗಿನಿಂದ ಸೂಟ್‌ಕೇಸನ್ನು ಎಳೆದರು. ಭಾವನಾ ಓಡಿಬಂದು ದೂರ ನಿಂತಳು. ಅವಳ ಕಣ್ಣು ದೊಡ್ಡದಾಗಿತ್ತು. ಅವರು ಅದನ್ನು ಕೋಣೆಗೆ ಒಯ್ದು, ತೆರೆದು, ಪಂಚೆಗಳನ್ನು ಬೀರುವಿನ ಅರೆಗೆ ಇಟ್ಟರು, ಶರಟುಗಳನ್ನು ಹ್ಯಾಂಗರಿಗೆ ಹಾಕಿದರು. ತಳದಲ್ಲಿ ಮಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ನಾಲ್ಕು ಶಾಲುಗಳಿದ್ದವು. ಒಂದನ್ನು ಬಿಚ್ಚಿ ಮೊಮ್ಮಗಳಿಗೆ ಹೊದಿಸಿದರು. ವೇದವತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಂತೂ ನನ್ನ ಸೀರೆಗಳಿಗೆ ಜೊತೆ ಸಿಕ್ತು" ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಅಷ್ಟರಲ್ಲಿ ಜಗನ್ನಾಥರ ಫೋನು ಬಂತು. "ಭಾನುವಾರದ ಕಾರ್ಯಕ್ರಮ ಏನ್ಮಾಡೋಣ ಸ್ವಾಮಿ? ಶಾಲು ಬಂದಿದೆ, ಹಾಲ್ ಬುಕ್ಕಾಗಿದೆ, ಬ್ಯಾನರಿಗೆ ಹೇಳಿ ಆಗಿದೆ."

"ಎಲ್ಲಾ ಹಾಗೇ ಇರ್ಲಿ. ಬ್ಯಾನರಿನಲ್ಲಿ ಬೀಳ್ಕೊಡುಗೆ ಅನ್ನೋದನ್ನ ತೆಗೆದು ಸ್ವಾಗತ ಅಂತ ಹಾಕ್ಸಿ."

ಆ ಕಡೆ ಯಾರ ಜೊತೆಗೋ ಗುಸುಗುಸು ಮಾತು ಕೇಳಿಸಿತು. ಆಮೇಲೆ ಜಗನ್ನಾಥರು ದನಿ ತಗ್ಗಿಸಿ ಹೇಳಿದರು: "ಸಿದ್ರಾಮಪ್ಪನವರು ಇಲ್ಲೇ ಕೂತಿದ್ದಾರೆ. ಇನ್ನೊಂದು ಶಾಲು ತರಿಸೋಕಾಗುತ್ತಾ ಅಂತ ಕೇಳ್ತಿದ್ದಾರೆ."

ಫೋನು ಇಟ್ಟು ತಿರುಗಿದರೆ ಭಾವನಾ ಎದುರಿಗೆ ನಿಂತಿದ್ದಳು, ಶಾಲು ನೆಲ ಗುಡಿಸುತ್ತಿತ್ತು. ಖಾಲಿ ಸೂಟ್‌ಕೇಸನ್ನು ನೋಡಿದಳು. ತಾತನನ್ನು ನೋಡಿದಳು. ಮುಷ್ಟಿ ಬಿಗಿಯಲು ಹೋಗಿ ಬಿಟ್ಟಳು. ಸ್ವಲ್ಪ ಯೋಚಿಸಿ, ಅವರ ಎದೆಗೆ ಬೆರಳು ತೋರಿಸಿ, ಐದೂ ಬೆರಳನ್ನು ತುತ್ತು ಹಿಡಿದ ಹಾಗೆ ಕೂಡಿಸಿ ತುಟಿಯ ಹತ್ತಿರ ಮುಟ್ಟಿಸಿದಳು. ಹಾಗೆಯೇ ಆ ಕೈಯನ್ನು ಕೆನ್ನೆಯ ಮೇಲೆ, ಕಿವಿಯ ಹತ್ತಿರಕ್ಕೆ ಒಯ್ದಳು.

ಇವೆರಡೂ ಗುರುಪ್ರಸಾದರಿಗೆ ಬರುತ್ತಿದ್ದ ನಾಲ್ಕರಲ್ಲಿ ಸೇರಿದ್ದ ಹಾಗಿತ್ತು. "ಊಟ ಮಾಡಿ ಮಲಗಬೇಕಂತೆ ಇವಳಿಗೆ" ಎಂದರು.

"ಅಲ್ಲ ಮಾವ" ಎಂದ ಬಾಗಿಲಲ್ಲಿದ್ದ ಅಚ್ಯುತ. "ಅದು ಮನೆ ಅಂತ. ಉಣ್ಣೋದು, ಮಲಗೋದು, ಎರಡೂ ಸೇರಿದ್ರೆ ಮನೆ. ನಿಮ್ಮ ಹೊಸ ಹೆಸರು."

ಗುರುಪ್ರಸಾದರು ಅದನ್ನು ಇನ್ನೊಂದು ಸಲ ಮಾಡಿ ತೋರಿಸೆಂದು ಕೈಯಾಡಿಸಿದರು. ಅವಳು ಮಾಡಿದಳು. ಆಮೇಲೆ ತಾವೇ ಬೆರಳು ಕೂಡಿಸಿ ಪ್ರಯತ್ನಿಸಿದರು. ಕೈ ತುಟಿ ತಪ್ಪಿ ಮೂಗಿಗೆ ಬಡಿಯಿತು. ಭಾವನಾ ಇಲ್ಲ ಎಂದು ತಲೆಯಾಡಿಸಿ, ಅವರ ಮಣಿಕಟ್ಟು ಹಿಡಿದು ಮೊದಲು ತುಟಿಗೆ, ಆಮೇಲೆ ಕೆನ್ನೆಗೆ ಮುಟ್ಟಿಸಿ, ಸರಿಯಾಗುವ ತನಕ ಬಿಡಲಿಲ್ಲ. ಮೂವತ್ತೊಂದು ವರ್ಷ ಊರವರಿಗೆಲ್ಲ ವಾಸಸ್ಥಳ ದೃಢೀಕರಣ ಪತ್ರ ಬರೆದುಕೊಟ್ಟಿದ್ದ ಗುರುಪ್ರಸಾದರು ಮೊದಲ ಸಲ ತಮ್ಮದೊಂದನ್ನು ಪಡೆದುಕೊಂಡರು.